ಸೊನ್ನೆ-ಸೊನ್ನೆ ಆದರೂ ನಮ್ಮೂರ ಆಟಕ್ಕೆ ಜಾಗ ಕೊಡಿ

ಮಾನ್ಯ ಸಂಪಾದಕರೇ,

ತೊಂಬತ್ತು ನಿಮಿಷ ಓಡಾಡಿ ಕೊನೆಗೆ ಸೊನ್ನೆ-ಸೊನ್ನೆ ಅಂತ ಮುಗಿಯುವ ಫುಟ್‌ಬಾಲ್ ಆಟಕ್ಕೆ ಕ್ರೀಡಾ ಪುಟದಲ್ಲಿ ಜಾಗ ಯಾಕೆ ಅಂತ ಕಳೆದ ವಾರ ಓದುಗರೊಬ್ಬರು ಇಲ್ಲಿ ಕೇಳಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ. 26 ವರ್ಷ ಆಗುವವರೆಗೂ ನಾನೂ ಇದೇ ಮಾತು ಆಡುತ್ತಿದ್ದೆ. ಅದಕ್ಕೇ ಉತ್ತರ ಬರೆಯಬೇಕು ಅನ್ನಿಸಿತು.

ನಾನು ಹುಟ್ಟಿದ್ದು ಮೈಸೂರಿನಲ್ಲಿ, ಬೆಳೆದದ್ದು ಅಮೆರಿಕದ ಸಿಯಾಟಲ್ ಪಕ್ಕದ ರೆಂಟನ್‌ನಲ್ಲಿ. ಮನೆಯೊಳಗೆ ಕನ್ನಡ, ಅನ್ನ-ಸಾರು. ಹೊಸ್ತಿಲು ದಾಟಿದರೆ ಬೇಸ್‌ಬಾಲ್, ಬ್ಯಾಸ್ಕೆಟ್‌ಬಾಲ್, ಆಮೇಲೆ ಅವರ ಫುಟ್‌ಬಾಲ್, ಅಂದರೆ ಮೊಟ್ಟೆಯಂಥ ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಓಡುವ ಆಟ. ನಾವು ಫುಟ್‌ಬಾಲ್ ಅನ್ನುವುದಕ್ಕೆ ಅಲ್ಲಿ ಸಾಕರ್ ಅಂತಾರೆ. ಸಾಕರ್ ಅಂದರೆ ಚಿಕ್ಕ ಮಕ್ಕಳು ಶನಿವಾರ ಬೆಳಿಗ್ಗೆ ಆಡಿ, ಕಿತ್ತಳೆ ಹೋಳು ತಿಂದು ಮನೆಗೆ ಹೋಗುವ ಆಟ. ಮೀಸೆ ಬರುವ ಹೊತ್ತಿಗೆ ಅದನ್ನು ಬಿಟ್ಟುಬಿಡಬೇಕು. ನಾನೂ ಬಿಟ್ಟಿದ್ದೆ.

ನನ್ನ ಜೀವ ಇದ್ದದ್ದು ಸಿಯಾಟಲ್ ಸೂಪರ್‌ಸಾನಿಕ್ಸ್ ಬ್ಯಾಸ್ಕೆಟ್‌ಬಾಲ್ ತಂಡದ ಮೇಲೆ. 1996ರಲ್ಲಿ ಗ್ಯಾರಿ ಪೇಟನ್, ಶಾನ್ ಕೆಂಪ್ ಇದ್ದ ಆ ತಂಡ ಎನ್‌ಬಿಎ ಲೀಗಿನ ಫೈನಲ್‌ಗೆ ಬಂತು. ಮೈಕಲ್ ಜೋರ್ಡನ್ ಅವರ ಶಿಕಾಗೊ ಬುಲ್ಸ್ ಎದುರು ಪಂದ್ಯಗಳ ಲೆಕ್ಕದಲ್ಲಿ 4-2ರಲ್ಲಿ ಸೋತಿತು. ನನಗಾಗ 14 ವರ್ಷ. ಊಟ ಬೇಡ ಅಂತ ಮುಸುಕು ಹಾಕಿಕೊಂಡು ಮಲಗಿದ್ದೆ, ಅಮ್ಮ ಮೊಸರನ್ನ ಕಲಸಿ ತಂದು ಹಾಸಿಗೆಯಲ್ಲೇ ಕೈತುತ್ತು ಕೊಟ್ಟಳು.

2008ರಲ್ಲಿ ಆ ತಂಡವೇ ಊರು ಬಿಟ್ಟಿತು. ಹೊಸ ಕ್ರೀಡಾಂಗಣದ ಜಗಳ ಕೋರ್ಟಿಗೆ ಹೋಯಿತು, ಕೊನೆಗೆ ಹಣಕಾಸಿನ ಒಪ್ಪಂದ ಆಯಿತು. 41 ವರ್ಷ ನಮ್ಮೂರಲ್ಲಿದ್ದ ತಂಡ ಒಕ್ಲಹೋಮ ಸಿಟಿಗೆ ಹೊರಟುಹೋಯಿತು. ಅಲ್ಲಿನ ಪದ್ಧತಿಯೇ ಹಾಗೆ. ತಂಡ ಮಾಲೀಕರ ಆಸ್ತಿ, ಲೀಗ್ ಒಪ್ಪಿದರೆ ಅಂಗಡಿ ಎತ್ತಿದಂತೆ ಎತ್ತಿ ಬೇರೆ ಊರಲ್ಲಿ ಇಡಬಹುದು. ಏಪ್ರಿಲ್ 13ರಂದು ಊರಿನ ಕೊನೆಯ ಪಂದ್ಯಕ್ಕೆ ನಾನೂ ಹೋಗಿದ್ದೆ. ಅವತ್ತು ಡಲ್ಲಾಸ್ ಮೇಲೆ ನಾವು ಗೆದ್ದೆವು. ಪಂದ್ಯ ಮುಗಿದ ಮೇಲೆ ನನಗೂ ಗೆಳೆಯನಿಗೂ ಕುರ್ಚಿಯಿಂದ ಏಳೋಕೇ ಆಗಲಿಲ್ಲ. ಎದ್ದರೆ ಮುಗಿದುಹೋಗುತ್ತೆ, ಅಲ್ವಾ?

ಮಾರನೇ ವರ್ಷ ಮಾರ್ಚ್ 19ಕ್ಕೆ ಅದೇ ಗೆಳೆಯ ನನ್ನನ್ನು ಬಲವಂತವಾಗಿ ಎಳೆದುಕೊಂಡು ಹೋದದ್ದು ಸಿಯಾಟಲ್ ಸೌಂಡರ್ಸ್ ತಂಡದ ಮೊದಲ ಮೇಜರ್ ಲೀಗ್ ಸಾಕರ್ ಪಂದ್ಯಕ್ಕೆ. ಪಯೋನಿಯರ್ ಸ್ಕ್ವೇರ್‌ನಿಂದ ಕ್ರೀಡಾಂಗಣದವರೆಗೆ ಬ್ಯಾಂಡಿನ ಹಿಂದೆ ನಡೆದುಕೊಂಡೇ ಹೋದೆವು. ಕುತ್ತಿಗೆಗೆ ಹಸಿರು ಸ್ಕಾರ್ಫ್, ಕಿವಿ ತುಂಬ ಡೋಲು. ನನಗೆ ಅದು ದಸರಾ ಮೆರವಣಿಗೆಯ ಹಾಗೇ ಕಂಡಿತು. ಒಳಗೆ 32 ಸಾವಿರಕ್ಕೂ ಜಾಸ್ತಿ ಜನ. ನ್ಯೂಯಾರ್ಕ್ ತಂಡದ ಮೇಲೆ 3-0 ಗೆಲುವು, ಅದರಲ್ಲಿ ಫ್ರೆಡಿ ಮೊಂಟೆರೊ ಹೊಡೆದದ್ದು ಎರಡು.

ಆದರೆ ನನ್ನನ್ನು ಹಿಡಿದಿಟ್ಟದ್ದು ಆ ಮೂರು ಗೋಲಲ್ಲ. ತಂಡಕ್ಕೆ ಹೆಸರಿಡುವಾಗ ಮಾಲೀಕರು ಜನರ ಮುಂದೆ ಮೂರು ಹೆಸರು ಇಟ್ಟಿದ್ದರಂತೆ. ಸೌಂಡರ್ಸ್ ಅದರಲ್ಲಿ ಇರಲೇ ಇಲ್ಲ. ಅದು 1974ರಿಂದ ಊರಿನ ಬಾಯಲ್ಲಿದ್ದ ಹಳೇ ಹೆಸರು. ಜನ ಆ ಮೂರನ್ನೂ ಬಿಟ್ಟು ಇದನ್ನೇ ಬರೆದು ಗೆಲ್ಲಿಸಿದರು. ಇನ್ನೊಂದು ಮಾತು. ತಂಡ ಕಟ್ಟಿ ನಡೆಸುವ ಜನರಲ್ ಮ್ಯಾನೇಜರ್‌ರನ್ನು ಇಟ್ಟುಕೊಳ್ಳಬೇಕೋ ಕಳಿಸಬೇಕೋ ಅಂತ ಅಲ್ಲಿ ನಾಲ್ಕು ವರ್ಷಕ್ಕೊಮ್ಮೆ ಅಭಿಮಾನಿ ಸದಸ್ಯರೇ ಮತ ಹಾಕುತ್ತಾರೆ. 2012ರಲ್ಲಿ ನಾನೂ ಹಾಕಿದೆ. ಒಂದು ತಂಡ ಕೈಬಿಟ್ಟುಹೋದ ಊರಿನವನಿಗೆ ಆ ಒಂದು ಮತ ಏನು ಅಂತ ಬರೆದು ತಿಳಿಸುವುದು ಕಷ್ಟ.

ಆಮೇಲೆ ಇಂಗ್ಲೆಂಡಿನ ವಿಂಬಲ್ಡನ್ ಫುಟ್‌ಬಾಲ್ ಕ್ಲಬ್ಬಿನ ಕಥೆ ಓದಿದೆ. ಅವರ ಕ್ಲಬ್ಬನ್ನೂ ಮಿಲ್ಟನ್ ಕೀನ್ಸ್ ಅನ್ನುವ ಬೇರೆ ಊರಿಗೆ ಸಾಗಿಸಿದರು. ಅಭಿಮಾನಿಗಳು 2002ರಲ್ಲಿ ತಾವೇ ಹೊಸ ಕ್ಲಬ್ ಕಟ್ಟಿದರು, ಬಯಲಿನಲ್ಲಿ ಟ್ರಯಲ್ಸ್ ಮಾಡಿ ಆಟಗಾರರನ್ನು ಆರಿಸಿಕೊಂಡರು. ಕೆಳಗಿನ ಲೀಗಿನಿಂದ ಒಂದೊಂದೇ ಮೆಟ್ಟಿಲು ಹತ್ತಿ 2011ರಲ್ಲಿ ಅಲ್ಲಿನ ವೃತ್ತಿಪರ ಫುಟ್‌ಬಾಲ್ ಲೀಗಿಗೆ ಬಂದರು. ಅಮೆರಿಕದ ದೊಡ್ಡ ಲೀಗುಗಳಿಗೆ ಹೀಗೆ ಹತ್ತುವ ದಾರಿಯೇ ಇಲ್ಲ, ಸೌಂಡರ್ಸ್ ಆಡುವ ಲೀಗಿನಲ್ಲೂ ಇಲ್ಲ. ಅದು ನನಗೆ ಇವತ್ತಿಗೂ ಬೇಜಾರು.

ಈಗ ಸೊನ್ನೆ-ಸೊನ್ನೆ ವಿಷಯ. ಅಮೆರಿಕನ್ ಫುಟ್‌ಬಾಲ್ ಪಂದ್ಯ ಟಿವಿಯಲ್ಲಿ ಮೂರು ಗಂಟೆ ದಾಟುತ್ತದೆ. ಗಡಿಯಾರ ಹಿಡಿದು ಲೆಕ್ಕ ಹಾಕಿದವರ ಪ್ರಕಾರ ಅದರಲ್ಲಿ ಚೆಂಡು ನಿಜವಾಗಿ ಆಟದಲ್ಲಿರುವುದು ಸುಮಾರು 11 ನಿಮಿಷ. ಉಳಿದದ್ದು ನಿಲ್ಲುವುದು, ಗುಂಪು ಸೇರಿ ಮಾತಾಡುವುದು, ಜಾಹೀರಾತು. ಅದಕ್ಕೇ ಒಗ್ಗಿದ್ದ ನನ್ನ ಕಣ್ಣಿಗೆ ಸಾಕರ್‌ನಲ್ಲಿ ಏನೂ ಆಗುತ್ತಿಲ್ಲ ಅನ್ನಿಸುತ್ತಿತ್ತು. ಚೆಂಡು ಇಲ್ಲದವನು ಎಲ್ಲಿಗೆ ಓಡುತ್ತಿದ್ದಾನೆ ಅಂತ ನೋಡೋಕೆ ಕಲಿಯಲು ನನಗೆ ಒಂದು ಸೀಸನ್ ಬೇಕಾಯಿತು. ಅದು ಕಾಣಿಸಿದ ಮೇಲೆ ನೀರು ಕುಡಿಯೋಕೂ ಏಳುವುದಿಲ್ಲ.

ಡ್ರಾ ಅಂದರೆ ಮಾತ್ರ ಒಪ್ಪೋಕೆ ಆಗುತ್ತಿರಲಿಲ್ಲ. ಅದನ್ನು ಬಿಡಿಸಿ ಹೇಳಿದ್ದು ಅಪ್ಪ. ಅವರು ಅಲ್ಲಿಯವರೆಗೆ ಜೀವನದಲ್ಲಿ ಒಂದು ಸಾಕರ್ ಪಂದ್ಯವನ್ನೂ ನೋಡಿದವರಲ್ಲ. "ಏನೋ ಮರಿ, 1979ರಲ್ಲಿ ಓವಲ್‌ನಲ್ಲಿ ನಮಗೆ 438 ಬೇಕಿತ್ತು. ಗವಾಸ್ಕರ್ 221 ಹೊಡೆದ. 8 ವಿಕೆಟ್‌ಗೆ 429, ಡ್ರಾ. ಮೈಸೂರಲ್ಲಿ ರೇಡಿಯೋ ಮುಂದೆ ಕೂತ ನಾವು ಯಾರೂ ಬೇಜಾರಾಯ್ತು ಅನ್ನಲಿಲ್ಲ" ಅಂದರು. ಅವತ್ತು ವಿಶ್ವನಾಥ್ ಅವರನ್ನು ತಡಮಾಡಿ ಕಳಿಸಿದ್ದು ಅಪ್ಪನಿಗೆ ಈಗಲೂ ನೋವು. ನನಗೆ ಡ್ರಾ ಅರ್ಥವಾದದ್ದು ಆ ಸಂಜೆ. ಒಬ್ಬರೂ ಗೆಲ್ಲದ ಆಟವನ್ನು ಮನುಷ್ಯ ಮೂವತ್ತು ವರ್ಷ ಎದೆಯಲ್ಲಿ ಇಟ್ಟುಕೊಳ್ಳಬಹುದು.

2014ರಲ್ಲಿ ನಾನು ಬೆಂಗಳೂರಿಗೆ ಬಂದೆ. 2016ರ ಡಿಸೆಂಬರ್‌ನಲ್ಲಿ ಸೌಂಡರ್ಸ್ ಟೊರೊಂಟೊದಲ್ಲಿ ಲೀಗಿನ ಫೈನಲ್ ಆಡಿತು. ಇಲ್ಲಿ ಭಾನುವಾರ ಬೆಳಿಗ್ಗೆ. ಕಾಫಿ ಲೋಟ ಕೈಯಲ್ಲಿ, ಫೋನಿನ ಆ ಕಡೆ ರೆಂಟನ್‌ನಿಂದ ಅಪ್ಪ. 120 ನಿಮಿಷದಲ್ಲಿ ನಮ್ಮವರು ಗೋಲಿನತ್ತ ಒಂದು ಸರಿಯಾದ ಹೊಡೆತವನ್ನೂ ಹೊಡೆಯಲಿಲ್ಲ. ಹೆಚ್ಚುವರಿ ಸಮಯದಲ್ಲಿ ಎದುರಾಳಿ ತಂಡದ ಆಲ್ಟಿಡೋರ್ ತಲೆಯಿಂದ ಹೊಡೆದ ಚೆಂಡು ನಮ್ಮ ಗೋಲ್‌ಕೀಪರ್ ಸ್ಟೆಫಾನ್ ಫ್ರೈ ಅವರನ್ನು ದಾಟಿ ಒಳಗೆ ಬೀಳುತ್ತಿತ್ತು. ಅವರು ಹಿಂದಕ್ಕೆ ಹಾರಿ ಒಂದೇ ಕೈಯಲ್ಲಿ ಅದನ್ನು ಹೊರಗೆ ಎಳೆದು ಹಾಕಿದರು. ಕಾಫಿ ನೆಲಕ್ಕೆ ಬಿತ್ತು. ಅಪ್ಪ ಅಲ್ಲಿ "ಹಿಡಿದ, ಹಿಡಿದ" ಅಂತ ಕೂಗುತ್ತಿದ್ದರು. ಸೊನ್ನೆ-ಸೊನ್ನೆ. ಪೆನಾಲ್ಟಿಯಲ್ಲಿ 5-4, ಕಪ್ ನಮ್ಮದು. ಕಳೆದ ವಾರ ಬರೆದ ಓದುಗರು ಆ ಪಂದ್ಯವನ್ನು ಒಮ್ಮೆ ನೋಡಬೇಕು ಅಂತ ನನ್ನ ಮನವಿ.

ಈಗ ನನ್ನ ಊರು ಇದೇ. ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಆಡುವಾಗ ವೆಸ್ಟ್ ಬ್ಲಾಕ್‌ನಲ್ಲಿ ಮಗಳ ಜತೆ ನಿಂತು ಕೂಗುತ್ತೇನೆ. ಭಾರತದಿಂದ ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಫೈನಲ್‌ವರೆಗೆ ಮೊದಲು ಹೋದ ಕ್ಲಬ್ ಇದು, ಅದೇ 2016ರಲ್ಲಿ. ಅದಕ್ಕಿಂತ ಹಳೆಯದೂ ನಮ್ಮಲ್ಲಿದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಮೇಲೆ ಭಾರತದ ಒಂದೇ ಒಂದು ಗೋಲು ಹೊಡೆದ ರಾಮನ್ ಬೆಂಗಳೂರಿನವರು. ಎಚ್‌ಎಎಲ್, ಐಟಿಐ ತಂಡಗಳ ಆಟ ನೋಡಿ ಬೆಳೆದ ಹಿರಿಯರು ಈಗಲೂ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದ ಮೆಟ್ಟಿಲ ಮೇಲೆ ಕೂತಿರುತ್ತಾರೆ.

ಹೋದ ತಿಂಗಳು ಮಗಳನ್ನು ಅಲ್ಲಿಗೆ ಜಿಲ್ಲಾ ಲೀಗ್ ಪಂದ್ಯಕ್ಕೆ ಕರೆದುಕೊಂಡು ಹೋಗಿದ್ದೆ. ಅದೂ ಡ್ರಾ. ಮರುದಿನ ಅವಳು ನಿಮ್ಮ ಪತ್ರಿಕೆಯನ್ನು ನೆಲದ ಮೇಲೆ ಹರಡಿ, ಬೆರಳಿಟ್ಟುಕೊಂಡು ಸ್ಕೋರ್ ಹುಡುಕಿದಳು. ಮ್ಯಾಡ್ರಿಡ್ ಇತ್ತು, ಮ್ಯಾಂಚೆಸ್ಟರ್ ಇತ್ತು. ಅವಳು ನೋಡಿದ ಪಂದ್ಯ ಇರಲಿಲ್ಲ.

ದೊಡ್ಡ ವರದಿ ಬೇಡ ಸಾರ್. ನಾಲ್ಕು ಸಾಲು ಸಾಕು. ಯಾವ ತಂಡಗಳು, ಎಷ್ಟು ಗೋಲು, ಹೊಡೆದವರ ಹೆಸರು, ಮುಂದಿನ ಪಂದ್ಯ ಎಷ್ಟು ಹೊತ್ತಿಗೆ.

ಇಂತಿ,
ನಿಮ್ಮ ಓದುಗ, ಬಸವನಗುಡಿ, ಬೆಂಗಳೂರು