ಗುಂಡನಿಗೊಂದು ಪತ್ರ: ಹತ್ತೊಂಬತ್ತು ಕಲಮು, ಒಂದು ಹಂಡೆ

ಪ್ರೀತಿಯ ಗುಂಡಾ,

ನೀನು ಬದುಕಿದ್ದೀಯ ಅಂತ ಗೊತ್ತಾಯಿತು. ಮೊನ್ನೆ ರಾತ್ರಿ ಎರಡು ಗಂಟೆಗೆ ನನ್ನ ಹತ್ತು ವರ್ಷ ಹಿಂದಿನ ಫೋಟೋಗೆ ಲೈಕ್ ಒತ್ತಿ, ಗಾಬರಿಯಾಗಿ ತೆಗೆದಿದ್ದೀಯ. ಅಷ್ಟರಲ್ಲಿ ನನ್ನ ಫೋನ್ ಟಿಂಗ್ ಅಂದಾಗಿತ್ತು ಮಾರಾಯ. ಬೇರೆಯಾಗಿ ಮೆಸೇಜ್ ಹಾಕಿದರೆ ನೀನು ಉತ್ತರ ಕೊಡಲ್ಲ, ಇದು ನನ್ನ ಮೂರು ವರ್ಷದ ಅನುಭವ. ಅದಕ್ಕೇ ಇಲ್ಲಿ, ಹತ್ತು ಜನರ ಎದುರಿಗೆ ಬರೆಯುತ್ತಿದ್ದೇನೆ. ಉಳಿದವರು ಕ್ಷಮಿಸಬೇಕು. ಇಲ್ಲ, ಸುಮ್ನೆ ಓದಬೇಕು.

ವಿಷಯ ಏನಪ್ಪಾ ಅಂದರೆ, ನೀನು ಹತ್ತು ವರ್ಷ ಮುತ್ತಿಗೆ ಹಾಕಿ ಕೂತಿದ್ದ ಜಾಗವನ್ನು ನಾನು ಕಣ್ಣಾರೆ ನೋಡಿಬಂದೆ.

ನೆನಪಿದೆಯಲ್ಲ, ರೂಮ್ ನಂಬರ್ ಹದಿನಾಲ್ಕು, ಇಡೀ ಮಹಡಿಗೆ ಒಂದೇ ಕಂಪ್ಯೂಟರ್, ಭಟ್ಟರ ಮೆಸ್ಸಿನ ಹನ್ನೊಂದನೇ ಇಡ್ಲಿ. ಜಪಾನಿನ ಯುದ್ಧದ ಆಟ ಹಾಕಿದರೆ ನೀನು ಯಾವಾಗಲೂ ಒಡಾ ನೊಬುನಾಗಾ, ಹದಿನಾರನೇ ಶತಮಾನದಲ್ಲಿ ಇಡೀ ಜಪಾನ್ ಗೆಲ್ಲಲು ಹೊರಟ ಸರದಾರ. ನಾನು ಯಾವಾಗಲೂ ಅವನಿಗೆ ಎದುರು ನಿಂತ ಹೊಂಗಾನ್‌ಜಿ ಮಠದ ಕಡೆ. ನೀನು ಬೆಂಕಿ ಹಚ್ಚುವವನು, ನಾನು ಗೋಡೆಯ ಒಳಗೆ ನಿಂತು ಸಾಯುವವನು. ಆಮೇಲೆ ಛತ್ರಿ ಪ್ರಸಂಗ ಆಯಿತು, ಕಂಪ್ಯೂಟರಿಗೂ ಬೀಗ ಬಿತ್ತು. ಅದು ಇರಲಿ.

ಆಫೀಸಿನ ಕೆಲಸಕ್ಕೆ ಹತ್ತು ದಿನ ಒಸಾಕಾಗೆ ಹೋಗಿದ್ದೆ. ಭಾನುವಾರ ಒಸಾಕಾ ಕೋಟೆ ನೋಡಲು ಹೊರಟೆ. ದೂರದಿಂದ ಬಹಳ ಚೆಂದ. ಹತ್ತಿರ ಹೋದರೆ ಕಾಂಕ್ರೀಟು, ಒಳಗೆ ಲಿಫ್ಟು. 1931ರಲ್ಲಿ ಕಟ್ಟಿದ್ದಂತೆ. ಆದರೆ ಅದೇ ಪಾರ್ಕಿನಲ್ಲಿ, ಯಾರೂ ನಿಲ್ಲದ ಒಂದು ಕಡೆ, ಒಂದು ಕಲ್ಲು ನೆಟ್ಟಿದ್ದಾರೆ. ಇಶಿಯಾಮಾ ಹೊಂಗಾನ್‌ಜಿ ಇಲ್ಲಿತ್ತೆಂದು ಅಂದಾಜು ಅಂತ ಅದರ ಮೇಲೆ ಬರೆದಿದೆ. ಬರೀ ಅಂದಾಜು. ಹತ್ತು ವರ್ಷ ನೊಬುನಾಗಾನ ನಿದ್ದೆ ಕೆಡಿಸಿದ ಮಠ ಎಲ್ಲಿತ್ತು ಅನ್ನುವುದಕ್ಕೂ ಅಂದಾಜೇ ಗತಿ. ಪಕ್ಕದಲ್ಲಿ ಒಬ್ಬ ಅಜ್ಜ ನಾಯಿಗೆ ನೀರು ಕುಡಿಸುತ್ತಿದ್ದ. ನಾನು ಕಲ್ಲಿನ ಫೋಟೋ ಹೊಡೆದದ್ದು ನೋಡಿ ಅವನಿಗೆ ಆಶ್ಚರ್ಯ. ಅವನೂ ಒಂದು ಫೋಟೋ ಹೊಡೆದುಕೊಂಡ.

ಇಲ್ಲಿ ಒಂದು ತಪ್ಪು ತಿದ್ದಬೇಕು. ಕತ್ತಿ ಹಿಡಿದ ಸನ್ಯಾಸಿಗಳು ಅಂತ ನಾವು ತಿಳಿದಿದ್ದೆವಲ್ಲ, ಅದು ಆಗಿನ ರಾಜಧಾನಿ ಕ್ಯೋಟೋ ಪಕ್ಕದ ಹಿಯೇ ಬೆಟ್ಟದವರಿಗೆ ಸರಿ. ಅವರು ನೂರಾರು ವರ್ಷ ಬೆಟ್ಟದಿಂದ ಇಳಿದು ಬಂದು ಕ್ಯೋಟೋದವರನ್ನು ಹೆದರಿಸಿದವರು. ಕಾಮೋ ಹೊಳೆಯ ನೀರು, ಪಗಡೆಯ ದಾಳ, ಬೆಟ್ಟದ ಸನ್ಯಾಸಿಗಳು, ಈ ಮೂರು ಮಾತ್ರ ನನ್ನ ಮಾತು ಕೇಳಲ್ಲ ಅಂತ ಚಕ್ರವರ್ತಿ ಶಿರಾಕಾವಾ ಗೊಣಗಿದನಂತೆ. 1571ರಲ್ಲಿ ನೊಬುನಾಗಾ ಆ ಬೆಟ್ಟಕ್ಕೆ ಬೆಂಕಿ ಹಚ್ಚಿಸಿ ಸಾವಿರಾರು ಜನರನ್ನು ಕೊಲ್ಲಿಸಿದ, ಹೆಂಗಸರು ಮಕ್ಕಳು ಅಂತ ನೋಡಲಿಲ್ಲ. 788ರಿಂದ ಆರದೆ ಉರಿಯುತ್ತಿದ್ದ ದೀಪವೂ ಅಲ್ಲಿ ಆರಿಹೋಯಿತು. ಅದರಿಂದ ಹಚ್ಚಿಕೊಂಡು ಹೋದ ಇನ್ನೊಂದು ದೀಪ ದೂರದ ಯಾಮಾಗಾತಾದ ದೇವಾಲಯದಲ್ಲಿ ಉರಿಯುತ್ತಿತ್ತು. ಆಮೇಲೆ ಅಲ್ಲಿಂದ ಕಿಡಿ ತಂದು ಮತ್ತೆ ಹಚ್ಚಿದರು.

ಹೊಂಗಾನ್‌ಜಿಯವರು ಬೇರೆ ಜನ. ಇವರ ಗುರು ಶಿನ್‌ರಾನ್ ಮದುವೆಯಾದವನು. ತಾನು ಸನ್ಯಾಸಿಯೂ ಅಲ್ಲ, ಸಂಸಾರಿಯೂ ಅಲ್ಲ ಅಂದವನು. ಹಾಗಾಗಿ ಇಲ್ಲಿ ಮಠದ ಪೀಠ ಅಪ್ಪನಿಂದ ಮಗನಿಗೆ ಬರುತ್ತದೆ. ಗೋಡೆಯ ಮೇಲೆ ನಿಂತು ಬಂದೂಕು ಹೊಡೆದವರಲ್ಲಿ ರೈತರಿದ್ದರು, ಮೀನುಗಾರರಿದ್ದರು, ಅಂಗಡಿಯವರಿದ್ದರು. ಮುಂದೆ ಹೋದವನಿಗೆ ಸ್ವರ್ಗ, ಹಿಂದೆ ಸರಿದವನಿಗೆ ನರಕ ಅಂತ ಬರೆದ ಬಾವುಟ ಹಿಡಿಯುತ್ತಿದ್ದರು. 1488ರಲ್ಲಿ ಕಾಗಾ ಅನ್ನುವ ಸೀಮೆಯ ಒಡೆಯನನ್ನೇ ಸೋಲಿಸಿ, ಹತ್ತಿರ ಹತ್ತಿರ ನೂರು ವರ್ಷ ಆ ಸೀಮೆಯನ್ನು ಕೈಯಲ್ಲಿ ಇಟ್ಟುಕೊಂಡಿದ್ದವರು ಇವರದೇ ಪಂಥದವರು. ನಮ್ಮ ಆಟದಲ್ಲಿ ಇದ್ಯಾವುದೂ ಇರಲಿಲ್ಲ. ಬೋಳು ತಲೆ, ಉದ್ದ ಕತ್ತಿ, ಮುಗೀತು.

ಇದೇ ಪಂಥದವರ ಇನ್ನೊಂದು ನೆಲೆ ನಾಗಾಶಿಮಾ. ಅಲ್ಲಿಯ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ, ಜಾಸ್ತಿ ಹೊತ್ತು ಹೇಳುವಂಥದ್ದಲ್ಲ. ನೊಬುನಾಗಾನ ಒಬ್ಬ ತಮ್ಮ ಆ ಕಡೆಯ ಮಠದವರ ಕೈಯಲ್ಲಿ 1570ರಲ್ಲೇ ಸತ್ತಿದ್ದ. 1574ರಲ್ಲಿ ನೊಬುನಾಗಾ ಮೂರನೇ ಸಲ ಹೋದ. ನೆಲದಿಂದಲೂ ನೀರಿನಿಂದಲೂ ದಾರಿ ಕಟ್ಟಿ, ಒಳಗಿದ್ದವರನ್ನು ಹಸಿವಿನಿಂದ ಕೊಂದ. ಉಳಿದವರು ಶರಣಾಗಿ ದೋಣಿ ಹತ್ತಿ ಹೊರಟರೆ ಅವರ ಮೇಲೆ ಗುಂಡು ಹಾರಿಸಿದರು. ಮೋಸ ಹೋದವರಲ್ಲಿ ಏಳೆಂಟು ನೂರು ಜನ ಬಟ್ಟೆ ಬಿಚ್ಚಿ ಎಸೆದು, ಬರೀ ಕತ್ತಿ ಹಿಡಿದು ತಿರುಗಿಬಿದ್ದರು. ಆ ಕಾಳಗದಲ್ಲಿ ಸತ್ತವರಲ್ಲಿ ನೊಬುನಾಗಾನ ಅಣ್ಣ ನೊಬುಹಿರೋ ಒಬ್ಬ. ಬೇರೆ ತಾಯಿಯ ಮಗ. ಹಿಂದೊಮ್ಮೆ ತಮ್ಮನ ಮೇಲೇ ಪಿತೂರಿ ಮಾಡಿ, ಕ್ಷಮೆ ಪಡೆದು ಜೊತೆಯಲ್ಲಿ ಉಳಿದಿದ್ದವನು. ಉಳಿದ ಎರಡು ಕೋಟೆಗಳಿಗೆ ಸುತ್ತ ಬೇಲಿ ಕಟ್ಟಿ ಬೆಂಕಿ ಇಟ್ಟರು. 20,000 ಜನ ಒಳಗಿದ್ದರು ಅಂತ ನೊಬುನಾಗಾನ ಕಡೆಯವನೇ ಬರೆದಿಟ್ಟಿದ್ದಾನೆ. ನೀನು ಇಂಥವನ ಹೆಸರಲ್ಲಿ ಆಡುತ್ತಿದ್ದೆ ಗುಂಡಾ. ಇಡ್ಲಿ ತಿನ್ನುತ್ತಾ.

ಒಸಾಕಾದಲ್ಲಿ ಮಾತ್ರ ಅವನ ಆಟ ನಡೆಯಲಿಲ್ಲ. ಮೂರು ದಿಕ್ಕಿಗೆ ನದಿ ಮತ್ತು ಜೌಗು, ಸಮುದ್ರ ಹತ್ತಿರ. 1576ರಲ್ಲಿ ಮಠದ ಗುಂಡು ನೊಬುನಾಗಾನ ಕಾಲಿಗೇ ತಾಗಿತು. ಅದೇ ವರ್ಷ ಮಠದ ಬೆಂಬಲಕ್ಕಿದ್ದ ಮೋರಿ ಮನೆತನದ ಹಡಗುಗಳು ಬೆಂಕಿಯ ಗಡಿಗೆ ಎಸೆದು, ನೊಬುನಾಗಾನ ಹಡಗುಗಳನ್ನು ಸುಟ್ಟು, ಮಠಕ್ಕೆ ಅಕ್ಕಿ ತಲುಪಿಸಿದವು. ಎರಡು ವರ್ಷ ಬಿಟ್ಟು ಇವನು ಆರು ದೊಡ್ಡ ಹಡಗು ಕಟ್ಟಿಸಿ ತಂದ. ಅವು ಕಬ್ಬಿಣದ ಹಡಗುಗಳು ಅಂತ ನಾರಾದ ಒಬ್ಬ ಸನ್ಯಾಸಿಯ ದಿನಚರಿಯಲ್ಲಿದೆ. ಅಲ್ಲಿಗೆ ಅಕ್ಕಿಯ ದಾರಿ ಮುಚ್ಚಿತು.

ನನಗೆ ಹುಚ್ಚು ಹಿಡಿಸಿದವನು ಇವರ್ಯಾರೂ ಅಲ್ಲ. ಸಾಕುಮಾ ನೊಬುಮೊರಿ ಅಂತ ಒಬ್ಬ.

ನೊಬುನಾಗಾನ ಸರದಾರ. 1576ರಿಂದ ಈ ಮುತ್ತಿಗೆಯ ಉಸ್ತುವಾರಿ ಅವನದು. ಹಿಂದೆ ಸರಿಯುವುದರಲ್ಲಿ ಎತ್ತಿದ ಕೈ. ಸೈನ್ಯ ವಾಪಸ್ ಬರುವಾಗ ಕೊನೆಯಲ್ಲಿ ನಿಂತು ಎಲ್ಲರನ್ನೂ ಕಾಯುತ್ತಿದ್ದ. ಅದಕ್ಕೇ ಜನ ಅವನನ್ನು ಹಿಂದೆ ಸರಿಯುವ ಸಾಕುಮಾ ಅಂತಲೇ ಕರೆಯುತ್ತಿದ್ದರು. ಅಂಥವನನ್ನು ತಂದು ಹಿಂದೆ ಸರಿದರೆ ನರಕ ಅನ್ನುವವರ ಎದುರು ಕೂರಿಸಿದರು. ಅವನು ಕೂತ. ಗೋಡೆಯನ್ನು ನೋಡುತ್ತಾ ಐದು ವರ್ಷ ಕೂತ. ದೊಡ್ಡ ದಾಳಿ ಇಲ್ಲ, ಸಂಧಾನವೂ ಇಲ್ಲ. ಒಳಗಿನವರಿಗೆ ತಾನಾಗಿ ಸಾಕಾಗಲಿ ಅಂತ ಕಾದ.

1580ರಲ್ಲಿ ಚಕ್ರವರ್ತಿಯ ಕಡೆಯವರು ಮಧ್ಯೆ ಬಂದು ರಾಜಿ ಮಾಡಿಸಿದರು. ಮಠದ ಗುರು ಕೆನ್ನ್ಯೊ ಹೊರಗೆ ಹೋದ. ದೊಡ್ಡ ಮಗ ಕ್ಯೋನ್ಯೊಗೆ ಇಪ್ಪತ್ತರ ಮೇಲೆ ಎರಡೋ ಮೂರೋ. ನಾನು ಮನೆ ಬಿಡಲ್ಲ ಅಂದ. ಅಪ್ಪ ಅವನನ್ನು ಮಗನೇ ಅಲ್ಲ ಅಂದ. ಕೆಲವು ತಿಂಗಳು ಬಿಟ್ಟು ಅವನೂ ಹೊರಗೆ ಬಂದ, ಬೆನ್ನಲ್ಲೇ ಮಠ ಉರಿದುಹೋಯಿತು.

ಮುತ್ತಿಗೆ ಗೆದ್ದಾಯಿತಲ್ಲ, ಸಾಕುಮಾಗೆ ಸನ್ಮಾನ ಅಂದುಕೊಂಡೆಯಾ? ಅದೇ ತಿಂಗಳು ನೊಬುನಾಗಾ ಅವನಿಗೊಂದು ಪತ್ರ ಬರೆದ. ಹತ್ತೊಂಬತ್ತು ಕಲಮಿನ ಪತ್ರ. ಐದು ವರ್ಷ ಕೂತು ಏನು ಕಿಸಿದೆ ಅಂತ ಶುರು. ಉಳಿದ ಸರದಾರರು ಎಷ್ಟೆಷ್ಟು ಗೆದ್ದರು ನೋಡು. ಒಂದು ಸಲವಾದರೂ ಬಂದು ನನ್ನನ್ನು ಕೇಳಿದೆಯಾ. ಹೊಸ ಜನರನ್ನು ಸೇರಿಸದೆ ದುಡ್ಡು ಕೂಡಿಟ್ಟೆ. ನಿನ್ನ ಮಗನ ನಡತೆ ಸರಿಯಿಲ್ಲ. ಆಮೇಲೆ ಹಳೆಯದನ್ನೆಲ್ಲ ಅಗೆದು ತೆಗೆದ. ಏಳು ವರ್ಷದ ಕೆಳಗೆ ನಾನು ಬೈದಾಗ ನೀನು ಎದುರು ಮಾತಾಡಿದ್ದೆ. ಎಂಟು ವರ್ಷದ ಕೆಳಗೆ ಇನ್ನೊಂದು ಯುದ್ಧದಲ್ಲಿ ನಿನ್ನವರು ಯಾರೂ ಸಾಯಲಿಲ್ಲ, ಪಕ್ಕದವನನ್ನು ಸಾಯಲು ಬಿಟ್ಟೆ. ಮೂವತ್ತು ವರ್ಷದ ಚಾಕರಿಯಲ್ಲಿ ಹೇಳಿಕೊಳ್ಳುವಂಥದ್ದು ಒಂದೂ ಇಲ್ಲ. ಕಡೆಗೆ, ಎಲ್ಲಾದರೂ ಹೋಗಿ ಶತ್ರುವನ್ನು ಗೆದ್ದು ಬಾ ಅಥವಾ ಸಾಯಿ, ಇಲ್ಲ ಅಪ್ಪ ಮಗ ಇಬ್ಬರೂ ತಲೆ ಬೋಳಿಸಿಕೊಂಡು ಕೋಯಾ ಬೆಟ್ಟ ಸೇರಿ ಅಂತ.

ಸೇರಿದರು. ಐದು ವರ್ಷ ಮಠ ಮುತ್ತಿದವನು ಕಡೆಗೆ ಸನ್ಯಾಸಿ. ಎರಡು ವರ್ಷ ತುಂಬುವ ಮೊದಲೇ ಸತ್ತ. ಪತ್ರ ಬರೆದವನೂ 1582ರಲ್ಲಿ ತನ್ನ ಸರದಾರನೇ ಮುತ್ತಿಗೆ ಹಾಕಿದಾಗ ಸತ್ತ. ಆಗ ಅವನು ಉಳಿದುಕೊಂಡಿದ್ದು ಹೊನ್ನೋಜಿಯಲ್ಲಿ. ಅದೂ ಒಂದು ದೇವಾಲಯವೇ.

ಈ ಪತ್ರದ ವಿವರವನ್ನು ಹೋಟೆಲ್ ರೂಮಿನಲ್ಲಿ ಓದಿ ನಾನು ಜೋರಾಗಿ ನಕ್ಕೆ. ಎಂಟು ವರ್ಷ ಹಿಂದಿನದನ್ನೂ ಲೆಕ್ಕ ಇಟ್ಟಿದ್ದನಲ್ಲ ಪುಣ್ಯಾತ್ಮ ಅಂತ. ಆಮೇಲೆ ನಗು ನಿಂತಿತು. ಯಾಕಂದರೆ ನನ್ನ ಫೋನಿನಲ್ಲೂ ಒಂದು ಪಟ್ಟಿ ಇದೆ ಗುಂಡಾ. ನಂಬರ್ ಹಾಕಿ ಬರೆದದ್ದು. ಅಣ್ಣನ ಮೇಲೆ. ಎಣಿಸಿದೆ, ಹದಿನಾಲ್ಕು.

ಮೂರನೆಯದು ತಾಮ್ರದ ಹಂಡೆ. ಅಪ್ಪ ಅದನ್ನು ನನಗೆ ಅಂತ ಹೇಳಿದ್ದರು, ಅಣ್ಣ ಈಗ ಅದರಲ್ಲಿ ದನಕ್ಕೆ ಅಕ್ಕಚ್ಚು ಇಡುತ್ತಾನೆ. ಆರನೆಯದು, ನನ್ನ ಸ್ಕೂಟರ್ ತೆಗೆದುಕೊಂಡು ಹೋಗಿ ಪೆಟ್ರೋಲ್ ಖಾಲಿ ಮಾಡಿ ತಂದದ್ದು. ಅದು 2006ರಲ್ಲಿ. ಒಂಬತ್ತನೆಯದು ಓದಿದರೆ ನೀನು ನನ್ನನ್ನು ಮಾತಾಡಿಸುವುದಿಲ್ಲ, ಈಗಲೂ ಮಾತಾಡಿಸುತ್ತಿಲ್ಲ ಅನ್ನು.

ಇಷ್ಟು ವರ್ಷ ನಾನು ಏನಂದುಕೊಂಡಿದ್ದೆ ಗೊತ್ತಾ? ನಾನು ಮಠದ ಕಡೆ. ಮನೆ ಬಿಟ್ಟು ಬಂದವನು, ಪಾಲಿನಲ್ಲಿ ಮೋಸ ಹೋದವನು, ಪಾಪದವನು. ಆದರೆ ಗೋಡೆಯ ಒಳಗೆ ಇರುವವನು ಅಣ್ಣ. ಮನೆ ಬಿಡಲ್ಲ ಅಂದು ಅಲ್ಲೇ ನಿಂತವನು. ಎರಡು ವರ್ಷದಿಂದ ಎಲೆಚುಕ್ಕಿ ರೋಗ ಬಂದು ತೋಟ ಅರ್ಧ ಹೋಗಿದೆ. ಪಾಲುಪಟ್ಟಿಗೆ ನನ್ನ ಸಹಿ ಬಿದ್ದಿಲ್ಲ. ಸಹಿ ಇಲ್ಲದೆ ಅವನ ಹೆಸರಿಗೆ ಖಾತೆ ಆಗಲ್ಲ, ಖಾತೆ ಇಲ್ಲದೆ ಸಾಲ ಸಿಗಲ್ಲ. ನನಗಿದು ಗೊತ್ತು. ಗೊತ್ತಿದ್ದೇ ಕೂತಿದ್ದೇನೆ. ದಾಳಿಯೂ ಇಲ್ಲ, ಸಂಧಾನವೂ ಇಲ್ಲ. ಅವನಿಗೆ ಸಾಕಾಗಿ ಅವನೇ ಹೊರಗೆ ಬರಲಿ ಅಂತ. ಇದಕ್ಕೆ ಕಬ್ಬಿಣದ ಹಡಗು ಬೇಕಿಲ್ಲ ನೋಡು.

ಪಟ್ಟಿಯಲ್ಲಿ ಮೊದಲನೆಯದು, ಅಪ್ಪ ಹೋದ ರಾತ್ರಿ ಅಣ್ಣ ನನಗೆ ಹೊತ್ತಿಗೆ ಸರಿಯಾಗಿ ತಿಳಿಸಲಿಲ್ಲ ಅಂತ. ಎಲ್ಲರಿಗೂ ಹಾಗೇ ಹೇಳಿದ್ದೇನೆ, ನಿನಗೂ. ಅವನು ಮೂರು ಸಲ ಫೋನ್ ಮಾಡಿದ್ದ. ನಾನು ಹೆಸರು ನೋಡಿ ಫೋನನ್ನು ಮೇಜಿನ ಮೇಲೆ ಮಗುಚಿ ಇಟ್ಟಿದ್ದೆ.

ಇದನ್ನು ಬರೆಯಬೇಕು ಅಂತ ಇರಲಿಲ್ಲ. ಬರೆದಾಯಿತು.

ವಾಪಸ್ ಬರುವ ಮೊದಲು ಒಂದು ದಿನ ಕ್ಯೋಟೋಗೆ ಹೋದೆ. ಅಲ್ಲಿ ಹೊಂಗಾನ್‌ಜಿ ಎರಡಿವೆ. ಪಶ್ಚಿಮದ್ದು ಒಂದು, ಪೂರ್ವದ್ದು ಒಂದು, ನಡುವೆ ಹತ್ತು ನಿಮಿಷದ ನಡಿಗೆ. ಯಾಕೆ ಅಂತ ನೋಡಿದರೆ ಅದೇ ಮನೆಯ ಕಥೆ. ಕೆನ್ನ್ಯೊ ಸತ್ತ ಮೇಲೆ ಪೀಠ ಮೊದಲು ದೊಡ್ಡ ಮಗ ಕ್ಯೋನ್ಯೊಗೆ ಬಂತು, ಆಮೇಲೆ ನೊಬುನಾಗಾನ ನಂತರ ಅಧಿಕಾರ ಹಿಡಿದ ಹಿದೆಯೋಶಿ ಅವನನ್ನು ಇಳಿಸಿ ತಮ್ಮ ಜುನ್ನ್ಯೊನನ್ನು ಕೂರಿಸಿದ. ಅಣ್ಣ ಕೋಟೆಯಲ್ಲಿ ಪಟ್ಟು ಹಿಡಿದಿದ್ದಾಗ ಈ ತಮ್ಮ ಮೂರು ವರ್ಷದ ಮಗು. 1602ರಲ್ಲಿ, ಹಿದೆಯೋಶಿಯ ನಂತರ ಅಧಿಕಾರ ಹಿಡಿದ ಇಯೆಯಾಸು ಅಣ್ಣನಿಗೆ ಬೇರೆ ಜಾಗ ಕೊಟ್ಟ. ಅವತ್ತಿನಿಂದ ತಮ್ಮನ ಮಠ ಪಶ್ಚಿಮಕ್ಕೆ, ಅಣ್ಣನದು ಪೂರ್ವಕ್ಕೆ. ನೊಬುನಾಗಾನ ಮುತ್ತಿಗೆ ಹತ್ತು ವರ್ಷಕ್ಕೆ ಮುಗಿಯಿತು. ಅಣ್ಣ ತಮ್ಮಂದಿರದು ನಾನೂರು ದಾಟಿದೆ.

ಅಣ್ಣನ ಕಡೆಯ ಮಠದಲ್ಲಿ ಒಂದು ಹಗ್ಗ ಇಟ್ಟಿದ್ದಾರೆ. ಹತ್ತೊಂಬತ್ತನೇ ಶತಮಾನದ ಕೊನೆಗೆ ಸುಟ್ಟ ಮಠವನ್ನು ಮತ್ತೆ ಕಟ್ಟುವಾಗ ಭಾರೀ ಮರದ ದಿಮ್ಮಿ ಎಳೆಯಲು ಹಗ್ಗ ತಡೆಯುತ್ತಿರಲಿಲ್ಲವಂತೆ. ಭಕ್ತರ ಮನೆಯ ಹೆಂಗಸರು ತಲೆಗೂದಲು ಕೊಟ್ಟರು. ಅದನ್ನು ಸೆಣಬಿನ ಜೊತೆ ಹೊಸೆದು ಮಾಡಿದ್ದು. ನನ್ನ ತೋಳಿನಷ್ಟು ದಪ್ಪ, ಹೆಬ್ಬಾವಿನ ಹಾಗೆ ಸುತ್ತಿ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದೆ. ಬಗ್ಗಿ ನೋಡಿದರೆ ಕರಿ ಕೂದಲ ನಡುವೆ ಅಲ್ಲಲ್ಲಿ ಬಿಳಿ. ಅಮ್ಮನ ನೆನಪಾಯಿತು. ತಿರುಪತಿಯಲ್ಲಿ ಮುಡಿ ಕೊಟ್ಟು ಬಂದ ದಿನ, ಗುರುತು ಸಿಕ್ಕಿತೇನೋ ಅಂತ ನಮ್ಮಿಬ್ಬರ ಎದುರು ತಲೆ ಮುಟ್ಟಿಕೊಂಡು ನಕ್ಕಿದ್ದಳು. ನಾನು ಎಡಗಡೆ ಕೂತಿದ್ದೆ, ಅಣ್ಣ ಬಲಗಡೆ.

ಸಾಕು ಬಿಡು. ನಿನಗೆ ಓದಿ ಓದಿ ನಿದ್ದೆ ಬಂದಿರುತ್ತದೆ. ನಾನೂ ಜೆಟ್ ಲ್ಯಾಗ್ ಅಂತ ಹೇಳಿ ತಪ್ಪಿಸಿಕೊಳ್ಳಬಹುದು, ಮೂರೂವರೆ ಗಂಟೆಯ ವ್ಯತ್ಯಾಸಕ್ಕೆ ಇಷ್ಟೊಂದು ಅಳು ಬರುತ್ತದಾ ಅಂತ ಮಾತ್ರ ಕೇಳಬೇಡ. ಪಟ್ಟಿ ಅಳಿಸಿದೆ ಅಂತ ಬರೆದರೆ ಇಲ್ಲಿ ಎಲ್ಲರೂ ಚಪ್ಪಾಳೆ ಹೊಡೆಯುತ್ತಾರೆ. ಅಳಿಸಿಲ್ಲ. ಹದಿಮೂರಕ್ಕೆ ಇಳಿಸಿದ್ದೇನೆ, ಸ್ಕೂಟರಿನದು ತೆಗೆದೆ. ಹಂಡೆ ಇದೆ. ಹಂಡೆ ಇರುತ್ತದೆ.

ನೀನು ಒಂದು ಉತ್ತರ ಹಾಕು. ಹನ್ನೊಂದನೇ ಇಡ್ಲಿ ತಿಂದವನು ನಾನೇ ಅಂತ ಬೇಕಾದರೆ ಎಲ್ಲರ ಮುಂದೆ ಒಪ್ಪಿಕೊಳ್ಳುತ್ತೇನೆ, ಈಗ ಮರ್ಯಾದೆ ಅಂತ ಉಳಿದದ್ದೇನೂ ಇಲ್ಲ.

ಇನ್ನೊಂದು ಮಾತು. ಅಣ್ಣ ಇದನ್ನೆಲ್ಲ ಓದುವವನಲ್ಲ, ಅವನ ಫೋನಿನಲ್ಲಿ ಬಟನ್ನು ಬಿಟ್ಟರೆ ಬೇರೇನಿಲ್ಲ. ಆದರೆ ಅತ್ತಿಗೆ ನಾನು ಏನು ಹಾಕಿದರೂ ಎರಡು ನಿಮಿಷದಲ್ಲಿ ಹೂವಿನ ಚಿತ್ರ ಹಾಕುತ್ತಾರೆ. ಅತ್ತಿಗೆ, ಇವತ್ತೊಂದು ದಿನ ಹೂವು ಬೇಡ. ನಾಡಿದ್ದು ಶನಿವಾರ ಮನೆಯಲ್ಲಿ ಇರುತ್ತೀರಾ?

ನಿನ್ನ,
ಮಠದ ಕಡೆಯವನು (ಸದ್ಯಕ್ಕೆ ತಡೆಹಿಡಿಯಲಾಗಿದೆ)