ದೊಡ್ಡಿ, ತಾಂಡಾಗಳ ಕಣ್ಣಿಗೆ ವರ್ಷಕ್ಕೊಂದು ಶಿಬಿರ ಸಾಲದು

ಮಾನ್ಯ ಸಂಪಾದಕರೇ,

ರಾಯಚೂರು ಜಿಲ್ಲೆಯ ದೇವದುರ್ಗ, ಲಿಂಗಸುಗೂರು ತಾಲ್ಲೂಕುಗಳ ದೊಡ್ಡಿಗಳಲ್ಲಿ (ಊರಾಚೆಯ ಪುಟ್ಟ ಜನವಸತಿಗಳಲ್ಲಿ) ಮತ್ತು ಬಳ್ಳಾರಿ ಜಿಲ್ಲೆಯ ಸಂಡೂರು ಸೀಮೆಯ ತಾಂಡಾಗಳಲ್ಲಿ ವಯಸ್ಸಾದವರ ದೃಷ್ಟಿ ಮಂಜಾಗುವುದನ್ನು ಇಂದಿಗೂ ಸಹಜವೆಂದೇ ಒಪ್ಪಿಕೊಳ್ಳಲಾಗುತ್ತಿದೆ. ಇಲ್ಲಿನ ಅನೇಕ ನಾಯಕ ಮತ್ತು ಲಂಬಾಣಿ ಕುಟುಂಬಗಳ ಪಾಲಿಗೆ ಕಣ್ಣಿನ ಚಿಕಿತ್ಸೆ ಎಂದರೆ ಹೋಬಳಿ ಕೇಂದ್ರದಲ್ಲಿ ಎಂದೋ ಒಮ್ಮೆ ನಡೆಯುವ ಉಚಿತ ತಪಾಸಣಾ ಶಿಬಿರ ಮಾತ್ರ. 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 50 ವರ್ಷ ದಾಟಿದವರ ಅಂಧತ್ವದಲ್ಲಿ ಶೇ 66.2ರಷ್ಟಕ್ಕೆ ಪೊರೆಯೇ ಕಾರಣ. ಒಂದು ಸಣ್ಣ ಶಸ್ತ್ರಚಿಕಿತ್ಸೆಯಿಂದ ಮರಳಿ ಬರಬಹುದಾದ ದೃಷ್ಟಿಯನ್ನು ಜನ ಕೈಬಿಟ್ಟು ಕೂರಬೇಕಾಗಿರುವುದು ನೋವಿನ ಸಂಗತಿ.

ಶಿಬಿರಗಳ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿಯವರು ಊರೂರು ತಿರುಗಿ ಪೊರೆ ತೆಗೆಯುತ್ತಿದ್ದ ಕಾಲದಲ್ಲಿ ಬಡವರಿಗೆ ಬೇರೆ ದಾರಿ ಇರಲಿಲ್ಲ; 1968ರಲ್ಲಿ ಅವರು ತಿರುಪತಿಯಲ್ಲಿ ಒಂದೇ ದಿನ 833 ಜನರ ಪೊರೆ ತೆಗೆದದ್ದನ್ನು ಉತ್ತರ ಕರ್ನಾಟಕದ ಹಿರಿಯರು ಈಗಲೂ ನೆನೆಯುತ್ತಾರೆ. ಸೋಂಕಿನ ಭಯದಿಂದಾಗಿ ಈಗ ಶಸ್ತ್ರಚಿಕಿತ್ಸೆಯನ್ನು ಆಸ್ಪತ್ರೆಯಲ್ಲಿಯೇ ಮಾಡುವ ಪದ್ಧತಿ ಬಂದಿದೆ, ಅದು ಸರಿಯಾದದ್ದೇ. ಆದರೆ ಇದರಿಂದ ಪ್ರಯಾಣದ ಭಾರವೆಲ್ಲ ರೋಗಿಯ ಹೆಗಲಿಗೆ ಬಿತ್ತು. ದೊಡ್ಡಿಯಿಂದ ಮುಖ್ಯರಸ್ತೆಗೆ ನಡೆದು, ಅಲ್ಲಿಂದ ಬಸ್ಸು ಹಿಡಿದು ಜಿಲ್ಲಾ ಕೇಂದ್ರ ತಲುಪುವ ಮುದುಕಿಯ ಜೊತೆಗೆ ಮಗನೋ ಸೊಸೆಯೋ ಕೂಲಿ ಬಿಟ್ಟು ಹೋಗಬೇಕು. ಪೊರೆ ತೆಗೆಸಿದ ನಂತರ ವಾರಗಟ್ಟಲೆ ಹನಿ ಹಾಕಿಸಿಕೊಳ್ಳಬೇಕು, ಮರುತಪಾಸಣೆಗೆ ಬರಬೇಕು. ಅಷ್ಟರಲ್ಲಿ ಮನೆಯವರೆಲ್ಲ ಗುಳೆ ಹೋಗಿದ್ದರೆ ಹನಿ ಹಾಕುವವರು ಯಾರು?

ಇದಕ್ಕಿಂತಲೂ ನನ್ನನ್ನು ಕಾಡುವುದು ದುಡಿಯುವ ವಯಸ್ಸಿನವರ ಕಣ್ಣು. ಹತ್ತಿ ಬಿಡಿಸುವಾಗ, ಭತ್ತ ಒಕ್ಕುವಾಗ, ಜಾಲಿ ಕಡಿಯುವಾಗ ಕಣ್ಣಿಗೆ ಕಡ್ಡಿಯೋ ಮುಳ್ಳೋ ತಾಗುವುದು ಈ ಭಾಗದಲ್ಲಿ ತೀರ ಸಾಮಾನ್ಯ. ಎದೆಹಾಲು ಬಿಟ್ಟು, ಸೊಪ್ಪಿನ ರಸ ಹಿಂಡಿ, ಕೊನೆಗೆ ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಸ್ಟೀರಾಯ್ಡ್ ಹನಿಯನ್ನೂ ಹಾಕಿಕೊಂಡು ನಾಲ್ಕಾರು ದಿನ ಕಳೆಯುವಷ್ಟರಲ್ಲಿ ಶಿಲೀಂಧ್ರ ಬೆಳೆದು ಹುಣ್ಣಾಗಿ, ಕರಿಗುಡ್ಡೆಯ ಮೇಲೆ ಹೂ, ಅಂದರೆ ಬಿಳಿ ಕಲೆ, ಬಿದ್ದಿರುತ್ತದೆ. ಹೀಗೆ ಹೋದ ದೃಷ್ಟಿಯನ್ನು ಪೊರೆಯಂತೆ ಸುಲಭವಾಗಿ ಮರಳಿ ತರಲಾಗದು. ಶಿಬಿರ ಬರುವವರೆಗೆ ಕಾಯುವ ಗಾಯವೂ ಇದಲ್ಲ. ನೇಪಾಳದ ಭಕ್ತಪುರದಲ್ಲಿ ಹಳ್ಳಿಯ ಕಾರ್ಯಕರ್ತರಿಗೇ ತರಬೇತಿ ಕೊಟ್ಟು, ಕಣ್ಣು ತರಚಿದವರಿಗೆ ಮೂರು ದಿನ ಕ್ಲೋರಾಂಫೆನಿಕಾಲ್ ಎಂಬ ಸೋಂಕು ತಡೆಯುವ ಮುಲಾಮು ಹಚ್ಚಿಸಿದರು. ಗಾಯವಾದ 18 ಗಂಟೆಯೊಳಗೆ ಮುಲಾಮು ಆರಂಭಿಸಿದವರಲ್ಲಿ ಯಾರಿಗೂ ಹುಣ್ಣಾಗಲಿಲ್ಲ ಎಂದು 2001ರಲ್ಲಿ ಪ್ರಕಟವಾದ ಆ ಅಧ್ಯಯನ ತಿಳಿಸುತ್ತದೆ. ಅಗ್ಗದ ಆ ಮುಲಾಮನ್ನು ನಮ್ಮ ಆಶಾ ಕಾರ್ಯಕರ್ತೆಯರ ಔಷಧಿ ಪೆಟ್ಟಿಗೆಯಲ್ಲಿಟ್ಟು, ಯಾವ ಗಾಯಕ್ಕೆ ಹಚ್ಚಬೇಕು, ಯಾವುದನ್ನು ತಕ್ಷಣ ಆಸ್ಪತ್ರೆಗೆ ಕಳಿಸಬೇಕು ಎಂಬುದನ್ನು ಕಲಿಸುವುದು ಅಸಾಧ್ಯವೇನಲ್ಲ.

ಇನ್ನು ಕನ್ನಡಕದ ಮಾತು. ಭೌಗೋಳಿಕ ಸೂಚಕ ಪಡೆದ ಸಂಡೂರಿನ ಲಂಬಾಣಿ ಕಸೂತಿಯನ್ನು ಹೊಲಿಯುವ ಹೆಣ್ಣುಮಕ್ಕಳು ನಲವತ್ತು ದಾಟಿದ ಮೇಲೆ ಸೂಜಿಗೆ ದಾರ ಪೋಣಿಸಲು ಕಷ್ಟಪಡುತ್ತಾರೆ. ಹತ್ತಿರದ ನೋಟಕ್ಕೆ ಬೇಕಾದ ಸಾದಾ ಕನ್ನಡಕ ಸಿಕ್ಕರೆ ಅವರ ದುಡಿಮೆಯ ವರ್ಷಗಳು ಹೆಚ್ಚುತ್ತವೆ. ರಾಜ್ಯ ಸರ್ಕಾರದ ‘ಆಶಾಕಿರಣ’ ಯೋಜನೆ ಮನೆಬಾಗಿಲಿಗೆ ತಪಾಸಣೆಯನ್ನೂ ಉಚಿತ ಕನ್ನಡಕವನ್ನೂ ತಂದದ್ದು ಮೆಚ್ಚತಕ್ಕದ್ದು. ಆದರೆ ಗುಳೆ ಹೋದವರ ಮನೆಗೆ ಬೀಗ ಹಾಕಿದಾಗ ತಪಾಸಣೆ ನಡೆದರೆ ಅವರ ಹೆಸರು ಪಟ್ಟಿಗೇ ಸೇರುವುದಿಲ್ಲ.

ಆಸ್ಟ್ರೇಲಿಯಾದ ಮೂಲನಿವಾಸಿಗಳಲ್ಲಿ ಅಂಧತ್ವ ಇತರರಿಗಿಂತ ಆರು ಪಟ್ಟು ಹೆಚ್ಚಿದೆ ಎಂದು 2008ರ ಸಮೀಕ್ಷೆ ಹೇಳಿತ್ತು. 2016ರ ಹೊತ್ತಿಗೆ ಆ ಅಂತರ ಮೂರು ಪಟ್ಟಿಗೆ ಇಳಿಯಿತು. ಈ ನಡುವೆ, 2012ರಲ್ಲಿ, ಅಲ್ಲಿ ರೂಪಿಸಿದ ಕಾರ್ಯಸೂಚಿಯಲ್ಲಿ ವೈದ್ಯರ ಭೇಟಿಯ ಜೊತೆಗೆ ರೋಗಿಯ ಪ್ರಯಾಣ, ಕೈಗೆಟಕುವ ಬೆಲೆಯ ಕನ್ನಡಕ, ತಪಾಸಣೆಯಿಂದ ಶಸ್ತ್ರಚಿಕಿತ್ಸೆಯವರೆಗೆ ರೋಗಿಯ ಜೊತೆಗಿರುವ ಸ್ಥಳೀಯ ಸಂಯೋಜಕರು ಇವೆಲ್ಲಕ್ಕೂ ಜಾಗವಿತ್ತು. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ದೊಡ್ಡಿಗೂ ಆ ಆಸ್ಪತ್ರೆಗೂ ನಡುವಿನ ದಾರಿಯನ್ನು ನೋಡಿಕೊಳ್ಳುವವರು ಮಾತ್ರ ಇಲ್ಲ.

ಆದ್ದರಿಂದ ತಾಲ್ಲೂಕು ಆಸ್ಪತ್ರೆಯ ನೇತ್ರಾಧಿಕಾರಿಗಳು ವಾರಕ್ಕೊಮ್ಮೆ, ಸಾಧ್ಯವಾದಷ್ಟೂ ಸಂತೆಯ ದಿನವೇ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕುಳಿತು ನೋಡುವಂತಾಗಬೇಕು. ಸಂತೆಗೆ ಹೇಗೂ ಬರುವ ಜನ ಕಣ್ಣನ್ನೂ ತೋರಿಸಿಕೊಳ್ಳುತ್ತಾರೆ. ಕನ್ನಡ ಅಷ್ಟಾಗಿ ಬಾರದ ತಾಂಡಾದ ಹಿರಿಯರಿಗಾಗಿ ಲಂಬಾಣಿ ಮಾತನಾಡುವ ಕಾರ್ಯಕರ್ತೆ ಜೊತೆಗಿರಬೇಕು. ಶಸ್ತ್ರಚಿಕಿತ್ಸೆಗೆ ಹೋಗುವವರ ಮತ್ತು ಜೊತೆಗಾರರ ಬಸ್ ಖರ್ಚನ್ನೂ, ಜೊತೆಗಾರರ ಒಂದೆರಡು ದಿನದ ಕೂಲಿಯನ್ನೂ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ತನ್ನ ಅನುದಾನದಲ್ಲಿ ಭರಿಸಲಿ. ಬಳ್ಳಾರಿ ಮತ್ತು ರಾಯಚೂರು ಲೋಕಸಭಾ ಕ್ಷೇತ್ರಗಳೆರಡೂ ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿರುವುದರಿಂದ ಇಬ್ಬರೂ ಸಂಸದರು ಈ ಬೇಡಿಕೆಯನ್ನು ಮಂಡಳಿಯ ಮುಂದಿಡಬೇಕು. ಸುಗ್ಗಿ ಮುಗಿದು ಜನ ಗುಳೆ ಹೊರಡುವ ಮೊದಲೇ ಮೊದಲ ಸುತ್ತಿನ ತಪಾಸಣೆ ಮುಗಿಯುವಂತೆ ಮೂರೂ ಜಿಲ್ಲೆಗಳ ಆರೋಗ್ಯಾಧಿಕಾರಿಗಳು ಕಾರ್ಯಯೋಜನೆ ಸಿದ್ಧಪಡಿಸಬೇಕೆಂದು ಕೋರುತ್ತೇನೆ.

ಇತಿ,
ನಿವೃತ್ತ ಶಿಕ್ಷಕ, ಲಿಂಗಸುಗೂರು ತಾಲ್ಲೂಕು