ಕ್ರೂಸರಿಗೊಂದು ಪ್ಯಾಟರ್ನ್ ಮಾಡಿಕೊಡ್ತಿಯೇನ ದೋಸ್ತ?

ದೋಸ್ತ,

ನೀವೆಲ್ಲಾ ಆರಾಮ ಅದೀರಂತ ತಿಳಿದೇನಿ. ನಾವೂ ಇಲ್ಲಿ ವಿಜಯಪುರದಾಗ ಆರಾಮ. ಹೋದ ಸಲ ಫೋನಿನ್ಯಾಗ ನೀ ಒಂದ ಮಾತ ಕೇಳಿದ್ದಿ, "ಅಲ್ಲಲೇ, ಅಷ್ಟ ರೊಕ್ಕಾ ಸುರದು ಪರದೇಶದಿಂದ ಕೂಡಿಸೋ ಸಣ್ಣ ಮಾಡೆಲ್ ಕಾರಿನ ಕಿಟ್ ತರಿಸ್ತಿ, ಡಬ್ಬಿ ತಗದ್ರ ಒಳಗ ಅರ್ಧಾ ಕೆಲಸ ಬಾಕಿ ಇರೋ ಮಾಲು. ಏನ ಹುಚ್ಚ ಇದು?" ಅಂತ. ಬ್ಯಾರೆ ಯಾರರ ಕೇಳಿದ್ರ ನಕ್ಕ ಸುಮ್ನಾಗ್ತಿದ್ದೆ. ಬೆಳಗಾವಿ ಉದ್ಯಮಬಾಗದ ಫೌಂಡ್ರಿಯೊಳಗ ದಿನಾ ಪ್ಯಾಟರ್ನ್, ಅಂದ್ರ ಎರಕದ ಅಚ್ಚಿಗೆ ಬೇಕಾದ ಮೂಲ ನಮೂನಿ, ಕೆತ್ತೋ ನೀನ ಹಿಂಗ ಕೇಳಿದ್ರ ಹೆಂಗ?

ನನ್ನ ಕಪಾಟಿನ್ಯಾಗಿನ ಜಪಾನಿನ ತಮಿಯಾ ಕಿಟ್ ನೀ ನೋಡಿದಿ. ಅದು ಪಾಲಿಸ್ಟೈರಿನ್ ಪ್ಲಾಸ್ಟಿಕ್ಕು. ಉಕ್ಕಿನ ಅಚ್ಚು, ಅಂದ್ರ ಡೈಯೊಳಗ ಒತ್ತಡ ಹಾಕಿ ಹೊಡದದ್ದು, ಭಾಗಕ್ಕ ಭಾಗ ಬರೋಬ್ಬರಿ ಕೂಡತೈತಿ. ಆದ್ರ ಉಕ್ಕಿನ ಡೈ ಅಂದ್ರ ಖರ್ಚ ಎಷ್ಟಂತ ನಿನಗ ಹೇಳೂದು ಬ್ಯಾಡ. ಸಾವಿರಗಟ್ಟಲೆ ಡಬ್ಬಿ ಮಾರಲಿಲ್ಲಂದ್ರ ಗಿಟ್ಟೂದಿಲ್ಲ. ಹಂಗಾಗಿ ಫೆರಾರಿ, ಪೋರ್ಷೆ, ಮಸ್ತಾಂಗ್ ಇವಕ್ಕ ಡೈ ಆಗ್ತಾವ. ನೂರಿನ್ನೂರು ಮಂದಿಗಷ್ಟ ಬೇಕಾದ ಗಾಡಿ ಯಾರೂ ಮಾಡೂದಿಲ್ಲ.

ಅಂಥಾ ಗಾಡಿಗೆ ರೆಸಿನ್, ಅಂದ್ರ ಕಲಸಿ ಹೊಯ್ದ್ರ ಗಟ್ಟಿ ಆಗೋ ಪ್ಲಾಸ್ಟಿಕ್ ದ್ರವ. ಒಬ್ಬಾತ ತನ್ನ ಶೆಡ್ಡಿನ್ಯಾಗ ಕುಂತು ಮಾಸ್ಟರ್, ಅಂದ್ರ ನಿಮ್ಮ ಪ್ಯಾಟರ್ನ್ ಇದ್ದಂಗ ಮೂಲ ನಮೂನಿ, ಮಾಡತಾನ, ಅದರ ಮ್ಯಾಲ ಸಿಲಿಕೋನ್ ರಬ್ಬರ್ ಸುರದು ಮೋಲ್ಡ್ ತಗೀತಾನ, ಆ ಮೋಲ್ಡಿನ್ಯಾಗ ಪಾಲಿಯುರಿಥೇನ್ ರೆಸಿನ್ ಕಲಸಿ ಹೊಯ್ತಾನ. ಕಲಸಿದ ಮ್ಯಾಲ ಕೈಯಾಗ ಇರೋದು ಕೆಲವ ನಿಮಿಷ ಅಷ್ಟ, ಆಮ್ಯಾಲ ಅದು ಬಿಸಿಯಾಗಿ ಗಟ್ಟಿ ಆಗಾಕ ಹತ್ತತೈತಿ. ಕೆಲವ ಡಜನ್ ಎರಕ ತಗಿಯೂದ್ರಾಗ ರಬ್ಬರ್ ಸೋತು ಸಣ್ಣ ಸಣ್ಣ ಮೂಲಿ ಹರದಿರತಾವ, ಮತ್ತ ಹೊಸಾ ಮೋಲ್ಡ್. ಫ್ರಾನ್ಸಿನ ಪ್ರೊವಾನ್ಸ್ ಮುಲಾಜ್ ಅನ್ನೋರು ಹಿಂಗ ಲೆ ಮಾನ್ಸ್ 24 ತಾಸಿನ ರೇಸಿನ ಗಾಡಿ 1:43ರ ಅಳತ್ಯಾಗ, ಅಂದ್ರ ಖರೇ ಗಾಡಿಯ 43ರಾಗ ಒಂದ ಪಾಲಿನಷ್ಟ, ಮಾಡಿ ಹೆಸರ ಮಾಡಿದ್ರು. ಗೆದ್ದ ಗಾಡಿ ಅಷ್ಟ ಅಲ್ಲ, ಸೋತಾವನ್ನೂ ಮಾಡಿದ್ರು. ಸೋತ ಗಾಡಿಗೂ ಗಿರಾಕಿ ಇರತಾರ ಅನ್ನೋದು ಈ ಹುಚ್ಚಿನ ಚಂದ. ನನಗಂತೂ 1:43 ಒಗ್ಗೂದಿಲ್ಲ. ಚಾಳೀಸ ಬಂದ ಕಣ್ಣಿಗೆ 1:24 ಬೇಕು.

ಇನ್ನ ನೀ ಅಂದ "ಅರ್ಧಾ ಕೆಲಸ". ಹೌದಪ್ಪ, ಬಾಡಿ ಕೈಯಾಗ ಹಿಡದ್ರ ಮೊದಲ ಕಣ್ಣಿಗೆ ಬೀಳೂದು ರೆಸಿನ್ ಸುರದ ಜಾಗದ ಗಡ್ಡಿ. ನಿಮ್ಮ ಎರಕಕ್ಕ ಹತ್ತಿಕೊಂಡ ಉಳಿಯೋ ರನ್ನರ್, ರೈಸರ್ ಇದ್ದಂಗ, ಗರಗಸದಿಂದ ಕೊಯ್ದ ತಗೀಬೇಕು. ಮೋಲ್ಡಿನ ಎರಡ ಭಾಗ ಕೂಡೋ ಗೆರಿ, ಪಾರ್ಟಿಂಗ್ ಲೈನ್, ಬಾನೆಟ್ಟಿನ ಅಂಚಿನಗುಂಟ ಎದ್ದಿರತೈತಿ. ಬಂಪರಿನ ತುದ್ಯಾಗ ಸೂಜಿ ಚುಚ್ಚಿದಷ್ಟ ಬ್ಲೋ ಹೋಲ್, ಗುಳ್ಳಿ ಎದ್ದ ತೂತು. ಪ್ಲಾಸ್ಟಿಕ್ ಕಿಟ್ ಕೂಡಿಸಿದವರು ಇದನ್ನ ನೋಡಿ ಹಣಿ ಹಣಿ ಬಡಕೋತಾರ, ನಿನಗ ಇದು ಎರಕ ಕೊರದು ತಿಕ್ಕಿ ಸಾಪ ಮಾಡೋ ಫೆಟ್ಲಿಂಗ್ ಶಾಪಿನ ದಿನದ ಮಾಲು.

ಮೊದಲ ಉಗುರಬೆಚ್ಚಗಿನ ನೀರಾಗ ಭಾಂಡೆ ತಿಕ್ಕೋ ಸಾಬೂನ ಹಾಕಿ ಹಳೇ ಬ್ರಶ್ಶಿನಿಂದ ತಿಕ್ಕಬೇಕು. ಮೋಲ್ಡ್ ಬಿಡಸಾಕ ಹೊಡದ ಎಣ್ಣಿ ಉಳದ್ರ ಬಣ್ಣ ಚಕ್ಕಿ ಚಕ್ಕಿ ಏಳತೈತಿ. ಛಾವಣಿ ಸೊಟ್ಟ ಇದ್ರ ಬಿಸಿನೀರಾಗ ಅದ್ದಿ, ಮೆತ್ತಗಾದ ಮ್ಯಾಲ ಶೀದಾ ಮಾಡಿ ತಣ್ಣೀರಿಗೆ ಬಿಡೂದು. ತೂತಿಗೆ ಕಾರ್ ಪೇಂಟರ್ ಹಚ್ಚೋ ಎನ್‌ಸಿ ಪುಟ್ಟಿ. ಪ್ಲಾಸ್ಟಿಕ್ ಕಿಟ್ಟಿನ ಅಂಟು ಇಲ್ಲಿ ಕೆಲಸಕ್ಕ ಬರೂದಿಲ್ಲ, ಅದು ಪಾಲಿಸ್ಟೈರಿನ್ ಕರಗಿಸಿ ಬೆಸಿಯೋ ಅಂಟು. ರೆಸಿನ್ನಿಗೆ ಫೆವಿಕ್ವಿಕ್, ಭಾರಾ ತಡೀಬೇಕಾದಲ್ಲಿ ಅರಾಲ್ಡೈಟ್. ತಿಕ್ಕೂದು ವಾಟರ್ ಪೇಪರಿನಿಂದ, ನೀರ ಹಚ್ಚಿನ, ಮಾಸ್ಕ್ ಹಾಕ್ಕೊಂಡ. ಆ ಧೂಳ ಎದಿಗೆ ಹೋದ್ರ ಚಲೋ ಅಲ್ಲ.

ಎಲ್ಲಾಕ್ಕಿಂತ ನಾಜೂಕ ಅಂದ್ರ ಬಾಗಿಲದ ಸಂದಿ. ಖರೇ ಗಾಡ್ಯಾಗ ಐದ ಮಿಲಿಮೀಟರ್ ಇದ್ರ 1:24ರಾಗ ಅದು ಬರೇ 0.2 ಆಗತೈತಿ. ಎರಡ ಕೈ ಪ್ರೈಮರ್, ಮ್ಯಾಲ ಎರಡ ಕೈ ಬಣ್ಣ ಬಿದ್ರ ಬಾಗಿಲಾನ ಮಾಯ. ಅದಕ್ಕ ಬಣ್ಣಾ ಹೊಡಿಯೂಕಿಂತ ಮೊದಲ ಸೂಜಿಯಿಂದ ಗೆರಿ ಮತ್ತ ಆಳಾ ಮಾಡಬೇಕು. ಕೈ ಜಾರಿತಂದ್ರ ಮತ್ತ ಪುಟ್ಟಿ.

ಒಂದ ಗಲೀಜ ಕೆಲಸಾನೂ ಈ ಮಂದ್ಯಾಗ ನಡೀತೈತಿ. ಒಬ್ಬಾತ ತಿಂಗಳಗಟ್ಟಲೆ ಕುಂತು ಮಾಸ್ಟರ್ ಮಾಡಿರತಾನ, ಇನ್ನೊಬ್ಬ ಒಂದ ಕಿಟ್ ಕೊಂಡು ಅದರ ಮ್ಯಾಲನ ಮೋಲ್ಡ್ ತಗದು ಅರ್ಧಾ ರೇಟಿಗೆ ಮಾರತಾನ. ನನ್ನ ಲೆಕ್ಕದಾಗ ಇದು ಶುದ್ಧ ಕಳ್ಳತನ. ಆದ್ರ ಅಳದ ನೋಡಿದ್ರ ಸಿಕ್ಕ ಬೀಳತಾನ. ಬೀಡ, ಅಂದ್ರ ಎರಕದ ಕಬ್ಬಿಣಕ್ಕ ನೀವು ಒಂದ ಪರ್ಸೆಂಟ್ ಸುಮಾರ ಕುಗ್ಗೂದು ಹಿಡದು ಪ್ಯಾಟರ್ನ್ ದೊಡ್ಡದ ಮಾಡ್ತೀರಲ್ಲ, ರೆಸಿನ್ನೂ ಕುಗ್ಗತೈತಿ, ಅದಕ್ಕಿಂತ ಕಮ್ಮಿ. ನಕಲಿನ ನಕಲು ಪ್ರತಿ ಸಲಾ ಒಂಚೂರ ಸಣ್ಣ ಆಗತೈತಿ, ಗೆರಿನೂ ಮಬ್ಬ ಬೀಳತಾವ.

ಇಷ್ಟ ಬರದದ್ದು ಸುಮ್ನ ಅಲ್ಲ. ನಮ್ಮ ಕಡೆ ಮಂದಿ ತುಂಬಿಕೊಂಡ ಓಡೋ ಫೋರ್ಸ್ ಕಂಪನಿಯ ಕ್ರೂಸರ್ ಗಾಡಿಯ ಕಿಟ್ ನಾ ಎಲ್ಲೂ ಕಂಡಿಲ್ಲ. ಮದುವಿ ದಿಬ್ಬಣ, ಯಲ್ಲಮ್ಮನ ಗುಡ್ಡ, ಬಾದಾಮಿ ಬನಶಂಕರಿ ಜಾತ್ರಿ, ಎಲ್ಲಾಕ್ಕೂ ನಾವು ಹೋದದ್ದು ಅದರಾಗನ. ಮ್ಯಾಲ ಕ್ಯಾರಿಯರ್, ಹಿಂದ ಏಣಿ, ಮುಂದಿನ ಗ್ಲಾಸಿನ ಮ್ಯಾಲ "ಶ್ರೀ ರೇಣುಕಾ ಯಲ್ಲಮ್ಮ ಪ್ರಸನ್ನ", ಹಳದಿ ಪ್ಲೇಟಿನ್ಯಾಗ ಕೆಎ-28. ಬಾಡಿ ಪೂರಾ ಸಪಾಟ ಹಾಳಿ, ನಿನ್ನ ಕೈಗೆ ಹೇಳಿ ಮಾಡಿಸಿದ್ದು. ಗಾಲಿ, ಚಾಸಿ ಯಾವದರ ಜೀಪಿನ ಪ್ಲಾಸ್ಟಿಕ್ ಕಿಟ್ಟಿನಿಂದ ತಗೊಂಡ್ರಾತು, ರೆಸಿನ್ ಬಾಡಿ ಮಾಡೋ ಮಂದಿ ಭಾಳ ಸಲ ಹಂಗ ಮಾಡ್ತಾರ. ಗ್ರಿಲ್ ಒಂದನ್ನ ತ್ರೀಡಿ ಪ್ರಿಂಟ್ ಮಾಡಿಸಿ, ಮೋಲ್ಡ್ ತಗೀದನ ಹಂಗ ಹಚ್ಚೂಣು. ಪ್ರಿಂಟ್ ರೆಸಿನ್ನಿಗೆ, ಗಂಧಕ ಇರೋ ಜೇಡಿಗೆ ಮೋಲ್ಡಿಗೆ ಸುರಿಯೋ ಪ್ಲಾಟಿನಮ್ ಜಾತಿಯ ಸಿಲಿಕೋನ್ ರಬ್ಬರ್ ಆಗಿ ಬರೂದಿಲ್ಲ, ಅಂಟಂಟ ಉಳಿತೈತಿ. ಹಂಗಾಗಿ ಬಾಡಿಯ ಪ್ಯಾಟರ್ನ್ ನೀ ಸಾಗವಾನಿ ಕಟಗಿ ಇಲ್ಲಾ ಪ್ಲಾಸ್ಟಿಕ್ ಹಾಳ್ಯಾಗ ಮಾಡು.

ಎರಕ ಮಾತ್ರ ಬೆಳಗಾವ್ಯಾಗ ಬ್ಯಾಡ, ಅದೂ ಈ ಮಳ್ಯಾಗ. ಪಾಲಿಯುರಿಥೇನಿಗೆ ನೀರಿನ ಪಸಿ ತಾಗಿದ್ರ ಒಳಗ ಗ್ಯಾಸ್ ಎದ್ದು ದ್ವಾಸಿ ಹಿಟ್ಟಿನಂಗ ಉಬ್ಬತೈತಿ. ನಮ್ಮೂರ ಒಣಾ ಹವಾ ಇದಕ್ಕ ಚಲೋ. ನಾ ನಮ್ಮ ಓಣಿಯ ಗಾಡಿಗೆ ಟೇಪ್ ಹಿಡದು ಅಳತಿ ಬರದು ಫೋಟೋ ಕಳಸತೇನಿ. ಒಂದ ಮೀಟರಿಗೆ 41.7 ಮಿಲಿಮೀಟರ್ ಲೆಕ್ಕಾ ಹಿಡಿ, ಕುಗ್ಗೂದಕ್ಕ ಎಷ್ಟ ಬಿಡಬೇಕು ನಿನಗ ಬಿಟ್ಟದ್ದು. ಗಣಪತಿ ಕಳಿಸಿದ ಮ್ಯಾಲ ಪ್ಯಾಟರ್ನ್ ತಗೊಂಡ ಬಾ, ವೈನಿನ್ನೂ ಹುಡುಗರನ್ನೂ ಕರಕೊಂಡ ಬಾ. ನಿಮ್ಮ ಫೌಂಡ್ರ್ಯಾಗ ಹಳೇ ಪ್ರೆಶರ್ ಪಾಟ್ ಬಿದ್ದಿದ್ರ ಮಾಲಕರನ್ನ ಒಂದ ಮಾತ ಕೇಳು. ಒತ್ತಡದಾಗ ಇಟ್ರ ಗುಳ್ಳಿ ಕಣ್ಣಿಗೆ ಕಾಣದಷ್ಟ ಸಣ್ಣ ಆಗತಾವ.

ನಿನ್ನ ದೋಸ್ತ